ಎಡಗೈಯ ಸಹಿ

ಎರಡೂ ಸಹಿ ನನ್ನವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ, ಇಷ್ಟು ಹೊತ್ತು ಮುಚ್ಚಿಟ್ಟುಕೊಂಡಿದ್ದಳು ಅನ್ನಿಸಬಹುದು. ಗುರುವಾರದ ಪುಸ್ತಕದಲ್ಲಿ ‘ನಕಲು ತೆಗೆದವರು’ ಎಂಬ ಖಾನೆಯಲ್ಲಿರುವುದು ನನ್ನ ಬಲಗೈಯ ಸಹಿ. ಅದರ ಪಕ್ಕ ‘ತೆರೆದು ನೋಡಿದವರು’ ಎಂಬ ಖಾನೆಯಲ್ಲಿ, ಸ್ವಲ್ಪ ವಾಲಿಕೊಂಡು, ಮಗು ತಿದ್ದಿದ ಹಾಗೆ ಕಾಣುವುದು ನನ್ನ ಎಡಗೈಯದು. ಹನ್ನೊಂದು ತಿಂಗಳು ಹೀಗೇ ನಡೆಯಿತು.

ನಮ್ಮೂರಿನ ಮನೆಗಳು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಕದಲುತ್ತವೆ. ಒಳಗಿದ್ದವರಿಗೆ ಗೊತ್ತಾಗುವುದು ಕಡಿಮೆ. ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ, ಗೋಡೆಯ ಕ್ಯಾಲೆಂಡರು ಎರಡು ಸಲ ತೂಗುತ್ತದೆ, ಅಷ್ಟೆ. ಆದರೆ ಕಿಟಕಿ ತೆರೆದರೆ ಆಚೆ ಬೇರೆ ಯಾರದೋ ಹಿತ್ತಿಲು. ಬೆಳಿಗ್ಗೆ ಎದುರಿಗಿದ್ದವರು ಈಗ ಎಲ್ಲಿದ್ದಾರೋ. ಮನೆಗಳ ನಡುವೆ ಉಳಿದ ಜಾಗವೇ ಬೀದಿ, ಹಾಗಾಗಿ ನಮ್ಮಲ್ಲಿ ಬೀದಿಗಳಿಗೆ ಹೆಸರಿಲ್ಲ. ಕದಲದೆ ನಿಲ್ಲುವುದು ಮೂರೇ: ಆಸ್ಪತ್ರೆ, ನೀರಿನ ಟ್ಯಾಂಕು, ನಾನು ಕೆಲಸ ಮಾಡುವ ವಿಳಾಸ ಕಂಪನಿ. ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಶುಕ್ರವಾರ ಮದುವೆ ಇಟ್ಟುಕೊಳ್ಳುವುದಿಲ್ಲ. ಮೂರಕ್ಕೆ ಮೊದಲೇ ಒಲೆ ಆರಿಸುತ್ತೇವೆ. ಪಕ್ಕದ ಮನೆಯವರ ಜೊತೆ ಜಗಳವಾದರೆ, ಇನ್ನೆಷ್ಟು ದಿನ, ಶುಕ್ರವಾರದ ತನಕ ತಾನೇ ಎಂದು ತಡೆದುಕೊಳ್ಳುತ್ತೇವೆ.

ಹಿಂದೆ ಪ್ರತಿ ಮನೆಗೂ ಒಂದೊಂದು ಗುರುತಿನ ಬಟ್ಟೆ ಇತ್ತು. ಕದಲಿಕೆ ಮುಗಿದ ಮೇಲೆ ಕಂಪನಿಯ ಸೈರನ್ ಮೂರು ಸಲ ಉದ್ದಕ್ಕೆ ಕೂಗುತ್ತಿತ್ತು. ಆಗ ಎಲ್ಲರೂ ಮಾಳಿಗೆ ಹತ್ತಿ ತಮ್ಮ ಬಟ್ಟೆ ಏರಿಸಬೇಕು. ತಗ್ಗಿಗೆ ಹೋಗಿ ನಿಂತ ಮನೆಯ ಬಟ್ಟೆಯನ್ನು ಎತ್ತರದ ಮನೆಯವರು ನೋಡಿ ಮುಂದಿನವರಿಗೆ ಕೂಗಿ ಹೇಳಬೇಕು. ಹದಿನೈದು ವರ್ಷದ ಹಿಂದೆ ಕಂಪನಿಯವರು ಪ್ರತಿ ಬಾಗಿಲ ಪಕ್ಕ ಒಂದು ಪುಟ್ಟ ಡಬ್ಬಿ ಕೂರಿಸಿದರು. ಮೂರೂ ಹತ್ತಕ್ಕೆ ಅದರಲ್ಲಿ ಹೊಸ ವಿಳಾಸ ಬೆಳಗುತ್ತದೆ: ಟ್ಯಾಂಕಿನಿಂದ ಮೂಡಲಿಗೆ ಇಷ್ಟನೇ ಸಾಲು, ಇಷ್ಟನೇ ಮನೆ. ಬಟ್ಟೆಗಳು ಟ್ರಂಕು ಸೇರಿದವು. ಡಬ್ಬಿ ಬೆಳಗುವ ತನಕ ಯಾರೂ ಹೊಸ್ತಿಲು ದಾಟುವುದಿಲ್ಲ. ದಾಟಿದರೆ ವಾಪಸ್ ಬರುವುದಾದರೂ ಎಲ್ಲಿಗೆ?

ಈ ಡಬ್ಬಿಗಳನ್ನೆಲ್ಲ ನಡೆಸುವ ಯಂತ್ರ ಇರುವುದು ಕಂಪನಿಯ ಮೂರನೇ ಮಹಡಿಯಲ್ಲಿ, ನಮ್ಮ ಕಂಪ್ಯೂಟರ್ ಸೆಕ್ಷನ್ನಿನಲ್ಲಿ. ಅದನ್ನು ಕಟ್ಟಿದವರು ರುದ್ರಮುನಿ ಮೇಷ್ಟ್ರು. ಸೆಕ್ಷನ್ನಿಗೆ ಅವರೇ ಮುಖ್ಯಸ್ಥರು. ಸಂಜೆ ಹೊತ್ತು ನಮ್ಮಂಥವರಿಗೆ ಪಾಠ ಹೇಳುತ್ತಿದ್ದರು, ಅದಕ್ಕೇ ಊರಿಗೆಲ್ಲ ಮೇಷ್ಟ್ರು. ನಾನು ಹಗಲು ಊದುಬತ್ತಿ ಪ್ಯಾಕ್ ಮಾಡಿ, ಆರು ಗಂಟೆಗೆ ಕೈ ತೊಳೆದುಕೊಂಡು ಅವರ ತರಗತಿಗೆ ಹೋಗಿ ಕೂರುತ್ತಿದ್ದೆ. ಎಷ್ಟು ತೊಳೆದರೂ ಗಂಧದ ವಾಸನೆ ಹೋಗುತ್ತಿರಲಿಲ್ಲ. ‘ಸುಗುಣಾ ಬಂದ್ಲು ಅಂತ ಬಾಗಿಲಿಗಿಂತ ಮೊದ್ಲು ಮೂಗಿಗೆ ಗೊತ್ತಾಗತ್ತೆ’ ಎನ್ನುತ್ತಿದ್ದರು ಮೇಷ್ಟ್ರು. ನನ್ನನ್ನು ಸೆಕ್ಷನ್ನಿಗೆ ಸೇರಿಸಿಕೊಂಡವರೂ ಅವರೇ. ಕಾಲೇಜಿನಲ್ಲಿ ಓದಿದವರ ನಡುವೆ ನಾನು ಏನೋ ತಪ್ಪು ಮಾಡುತ್ತೇನೆ ಎಂಬ ಹೆದರಿಕೆ ನನಗೆ ಅಂದಿನಿಂದಲೂ ಇದೆ. ಆಗ ನಾವು ಆರು ಜನ.

ಆಮೇಲೆ ಮ್ಯಾನೇಜರಾಗಿ ಜಯತೀರ್ಥ ಸರ್ ಬಂದರು. ಕೆಟ್ಟವರಲ್ಲ. ಅವರು ಕೇಳಿದ ಪ್ರಶ್ನೆ ಒಂದೇ: ‘ಹದಿಮೂರು ವರ್ಷದಿಂದ ಒಂದು ಸಲಾನೂ ಏನೂ ಕೆಟ್ಟಿಲ್ಲ. ಹಾಗಿದ್ಮೇಲೆ ಆರು ಜನ ಕೂತ್ಕೊಂಡು ಏನ್ಮಾಡ್ತಿದೀರಿ?’ ಆರು ಜನ ಕೂತಿದ್ದರಿಂದಲೇ ಕೆಟ್ಟಿಲ್ಲ ಎಂದು ನನಗೆ ಹೊಳೆದದ್ದು ರಾತ್ರಿ ಮನೆಯಲ್ಲಿ ಪಾತ್ರೆ ಉಜ್ಜುವಾಗ. ಆರು ನಾಲ್ಕಾಯಿತು, ನಾಲ್ಕು ಎರಡಾಯಿತು. ಕೊನೆಗೆ ಮೇಷ್ಟ್ರಿಗೆ ಶ್ವಾಸಕೋಶದ ಕಾಯಿಲೆ ಜೋರಾಗಿ ಅವರು ಮನೆ ಸೇರಿದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ, ನಾನೊಬ್ಬಳೇ ಉಳಿದೆ. ಸೈರನ್ ತಿರುಗಿಸುವವನು ಬಿಟ್ಟುಹೋದಾಗ ಅದೂ ನನಗೇ ಬಂತು. ‘ಮೇಲಿನ ಮಹಡಿ ತಾನೇ, ವಾರಕ್ಕೆ ಎರಡು ನಿಮಿಷದ ಕೆಲಸ’ ಎಂದರು ಸರ್.

ಎರಡನೇ ಸಹಿಯ ವಿಷಯವನ್ನು ನಾನು ಕೇಳದೆ ಇರಲಿಲ್ಲ. ಮನೆಗಳ ಪಟ್ಟಿಯನ್ನು ಪ್ರತಿ ಗುರುವಾರ ನಕಲು ತೆಗೆದು ಪಕ್ಕದ ಯಂತ್ರದಲ್ಲಿ ಇಡಬೇಕು. ತೆಗೆದವರು ಒಬ್ಬರು, ಅದನ್ನು ತೆರೆದು ಸರಿಯಾಗಿದೆಯೇ ಎಂದು ನೋಡುವವರು ಇನ್ನೊಬ್ಬರು. ಇದು ಮೇಷ್ಟ್ರು ಇಟ್ಟ ಕಟ್ಟಳೆ. ಈಗ ಇನ್ನೊಬ್ಬರು ಎಲ್ಲಿ ಸರ್ ಎಂದು ಕೇಳಿದೆ.

‘ಫಾರಂ ಎರಡು ಸಹಿ ಕೇಳತ್ತೆ, ಎರಡು ಜನರನ್ನ ಕೇಳಲ್ಲ’ ಎಂದರು ಅವರು. ‘ನಿಮ್ಗೆ ಎರಡು ಕೈ ಇಲ್ವಾ?’

ಅವರು ನಕ್ಕರು. ನಾನೂ ನಕ್ಕೆ. ಮೊದಲ ಆರು ವಾರ ನಿಜವಾಗಿಯೂ ತೆರೆದು ನೋಡಿದೆ. ಏಳನೆಯ ವಾರ ಸಾಲಿಗೆ ಸಾಲೇ ಡಬ್ಬಿಗಳು ಮಿಣುಕುತ್ತಿದ್ದವು, ಫೋನ್ ಕೆಳಗಿಡಲು ಆಗಲಿಲ್ಲ. ನಾಳೆ ನೋಡಿದರಾಯಿತು ಎಂದು ಎಡಗೈಯಲ್ಲಿ ಸಹಿ ಹಾಕಿದೆ. ಒಂದು ಸಲ ಹಾಕಿದ ಮೇಲೆ ಕೈಗೆ ರೂಢಿಯಾಯಿತು. ಇನ್ನೊಬ್ಬರು ಬೇಕು ಎಂದು ಏಳು ಪತ್ರ ಬರೆದೆ. ಏಳಕ್ಕೂ ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು.

ಆ ಶುಕ್ರವಾರ ಎರಡೂ ಐವತ್ತೈದಕ್ಕೆ ನಾನು ಮೇಲಿನ ಮಾಳಿಗೆಗೆ ಹೋಗಿ, ಎಲ್ಲರೂ ಒಳಗೆ ಸೇರಿಕೊಳ್ಳಿ ಎನ್ನುವ ಎರಡು ಗಿಡ್ಡ ಕೂಗು ಕೂಗಿಸಿದೆ. ಮೂರಕ್ಕೆ ಊರು ಕದಲಿತು. ಮೇಲಿನಿಂದ ನೋಡಿದರೆ ಅಕ್ಕಿಯ ತಟ್ಟೆಯನ್ನು ಯಾರೋ ಮೆಲ್ಲಗೆ ಅಲ್ಲಾಡಿಸಿದ ಹಾಗೆ ಕಾಣುತ್ತದೆ. ಮುಗಿಯಿತು ಎನ್ನುವ ಒಂದು ಉದ್ದ ಕೂಗು ಕೂಗಿಸಿ ಕೆಳಗೆ ಬಂದಾಗ ಯಂತ್ರದ ಪರದೆಯಲ್ಲಿ ಒಂದೇ ಒಂದು ಸಾಲು ಇತ್ತು. ‘ಹಳೆಯದನ್ನು ಅಳಿಸಲಾಗಿದೆ.’

ನಾನು ಮೇಲಿದ್ದಾಗ ಅದು ಪ್ರಶ್ನೆ ಕೇಳಿತ್ತು. ಜಾಗ ಸಾಲದು, ಹಳೆಯದನ್ನು ಅಳಿಸಲೇ? ಒಂದು ನಿಮಿಷ ಕಾದಿದೆ. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅಳಿಸಿದೆ. ಯಾವ ಮನೆ ಯಾರದು ಎನ್ನುವ ಪಟ್ಟಿಯೇ ಹೋಗಿತ್ತು. ಪರದೆಯ ತುಂಬ ನಾಲ್ಕು ಸಾವಿರ ಚುಕ್ಕೆಗಳು, ಒಂದಕ್ಕೂ ಹೆಸರಿಲ್ಲ.

ಪಕ್ಕದ ಯಂತ್ರ ತೆರೆದೆ. ನಲವತ್ತೇಳು ನಕಲುಗಳು, ದಿನಾಂಕ ಹಾಕಿ, ಸಾಲಾಗಿ, ಶಿಸ್ತಾಗಿ ಇದ್ದವು. ಮೊದಲ ಆರರಲ್ಲಿ ಆ ಕಾಲದ ಪಟ್ಟಿ ಇರಬೇಕಿತ್ತು. ಆದರೆ ಜಾಗಕ್ಕಾಗಿ ಹೊಸ ನಕಲು ಬಂದಂತೆಲ್ಲ ಹಳೆಯದು ತಾನೇ ಬರಿದಾಗುತ್ತ ಬಂದಿತ್ತು. ಡಬ್ಬಿಗಳು ಮಿಣುಕಿದ ವಾರ ಏನೋ ಕೆಟ್ಟು, ಏಳರಿಂದಾಚೆಯವು ಹುಟ್ಟುವಾಗಲೇ ಖಾಲಿ. ಒಂದೊಂದನ್ನೂ ತೆರೆದೆ. ಹೊದಿಕೆ ಇದೆ, ಒಳಗೆ ಏನೂ ಇಲ್ಲ.

ಫೋನು ಶುರುವಾಯಿತು. ‘ಡಬ್ಬಿ ಬೆಳಗ್ತಿಲ್ವಲ್ರೀ.’ ‘ಮಗು ಸ್ಕೂಲಿಂದ ಬರ್ಬೇಕು, ಎಲ್ಲಿಗೆ ಅಂತ ಹೇಳ್ಲಿ?’ ಜಯತೀರ್ಥ ಸರ್ ಮೇಲೆ ಓಡಿಬಂದರು. ಅವರು ನಮ್ಮ ರೂಮಿಗೆ ಕಾಲಿಟ್ಟದ್ದು ಅದೇ ಎರಡನೆಯ ಸಲವಿರಬೇಕು. ನಾನು ನಡೆದದ್ದನ್ನು ಹೇಳಿದೆ. ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

‘ಯಾರಿಗೂ ಯಂತ್ರ ಕೆಟ್ಟಿದೆ ಅನ್ಬೇಡಿ. ಇನ್ನೈದು ನಿಮಿಷ ಅನ್ನಿ. ಪಕ್ಕದ ಊರಿಂದ ತಜ್ಞರಿಗೆ ಹೇಳಿದೀನಿ, ಆರೂವರೆಗೆ ಬಂದ್ಬಿಡ್ತಾರೆ.’

ಇನ್ನೈದು ನಿಮಿಷ ಎಂದು ನಾನು ಒಂದು ಗಂಟೆಯ ಕಾಲ ಹೇಳಿದೆ.

ನಾಲ್ಕೂ ಕಾಲಿಗೆ ಬಂದ ಕರೆಯಲ್ಲಿ ನೀಲಾಂಬಿಕಮ್ಮನವರ ದನಿ. ಮೇಷ್ಟ್ರ ಹೆಂಡತಿ. ‘ಸುಗುಣಾ, ಏನವ್ವ ಇವತ್ತು? ದಸ್ತಗೀರ್ ಸಿಲಿಂಡರ್ ತರ್ಲಿಲ್ಲ.’

ಮೇಷ್ಟ್ರು ಉಸಿರಾಡುವುದು ಆಕ್ಸಿಜನ್ ಸಿಲಿಂಡರಿನಿಂದ. ಪ್ರತಿ ಶುಕ್ರವಾರ ವಿಳಾಸ ಬೆಳಗಿದ ಕೂಡಲೇ ದಸ್ತಗೀರ್ ತನ್ನ ಟೆಂಪೋದಲ್ಲಿ ತುಂಬಿದ್ದು ತಂದಿಟ್ಟು ಖಾಲಿಯಾದದ್ದು ಒಯ್ಯುತ್ತಾನೆ. ಈಗ ಅವನು ನಮ್ಮ ಕಂಪನಿಯ ಗೇಟಿನಲ್ಲೇ ಟೆಂಪೋ ನಿಲ್ಲಿಸಿಕೊಂಡು ಕೂತಿದ್ದ.

‘ಅಮ್ಮಾ, ಸಿಲಿಂಡರ್ ಮೀಟರಿನ ಮುಳ್ಳು ಎಲ್ಲಿದೆ?’

‘ಕೆಂಪಿಗೆ ಬಂದು ಆಗ್ಲೇ ಹೊತ್ತಾಯ್ತು. ಒಂದೂವರೆ ಗಂಟೆ ಬರ್ಬೋದೇನೋ.’

‘ಕಿಟಕಿಯಿಂದ ಏನು ಕಾಣತ್ತೆ ನೋಡಿ. ನೀರಿನ ಟ್ಯಾಂಕ್ ಕಾಣತ್ತಾ?’

‘ಎಲ್ಲಿ ಟ್ಯಾಂಕು! ತಗ್ಗಿಗೆ ಬಂದು ಬಿದ್ದಿದೀವಿ. ಮುಂದೆ ಒಂದು ಹಸಿರು ಗೋಡೆ, ಹಿಂದೆ ಯಾರ್ದೋ ಬಚ್ಚಲ ಪೈಪು. ಪಕ್ಕದವ್ರನ್ನ ಕೂಗಿ ಕೇಳ್ದೆ. ಅವ್ರು ನನ್ನೇ ಕೇಳ್ತಾರೆ, ನಾವೆಲ್ಲಿದೀವಿ ಅಂತ. ತಡಿ, ಇವ್ರು ಫೋನ್ ಕೊಡು ಅಂತಿದಾರೆ.’

ಮೊದಲು ಕೇಳಿಸಿದ್ದು ಉಸಿರು. ಆಮೇಲೆ ದನಿ. ‘ಏನಾಯ್ತು... ಸುಗುಣಾ?’

ಹೇಳಿದೆ. ನಕಲಿನ ವಿಷಯಕ್ಕೆ ಬಂದಾಗ ಮಾತ್ರ ಕೇಳಿದರು. ‘ತೆಗೆದವರು?’

‘ನಾನೇ ಸರ್.’

‘ತೆರೆದು ನೋಡಿದವರು?’

‘ಅದೂ ನಾನೇ. ನೋಡ್ಲಿಲ್ಲ ಸರ್. ಸಹಿ ಹಾಕ್ದೆ.’

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಎರಡು ಸಲ ಉಸಿರು ಎಳೆದುಕೊಂಡು ಅವರು ಹೇಳಿದರು. ‘ಒಂದು ನಿಮಿಷ ಯಾರೂ ಉತ್ತರ ಕೊಡದಿದ್ರೆ... ಹೌದು ಅಂತ ತಿಳ್ಕೋ... ಅಂತ ಅದಕ್ಕೆ ಕಲಿಸಿದ್ದು ನಾನು ಕಣಮ್ಮ. ಆರು ಜನ ಇದ್ವಿ. ಆ ರೂಮು ಖಾಲಿ ಇರತ್ತೆ ಅಂತ... ನಂಗೆ ಹೊಳೀಲೇ ಇಲ್ಲ.’

‘ಮಾತು ಸಾಕು ಅಂದ್ರೆ ಕೇಳಲ್ಲ’ ಎಂದು ಹಿಂದಿನಿಂದ ನೀಲಾಂಬಿಕಮ್ಮ ಗದರಿದರು.

‘ಅಳಿಸಿದ್ದನ್ನ ವಾಪಸ್ ತರೋಕೆ ದಾರಿ ಇದೆ. ಹೇಳ್ತೀನಿ... ಬರ್ಕೋ.’

ಪೆನ್ನು ತೆಗೆದುಕೊಂಡೆ. ಮೊದಲನೆಯ ಹೆಜ್ಜೆ ಹೇಳಿದರು, ಮಾಡಿದೆ. ಎರಡನೆಯದು ಹೇಳುವಷ್ಟರಲ್ಲಿ ಕೆಮ್ಮು ಬಂತು. ಮಾಡಿದೆ. ಮೂರನೆಯದರಲ್ಲಿ ಒಂದೊಂದು ಪದಕ್ಕೂ ನಿಂತರು. ಪರದೆಯ ಚುಕ್ಕೆಗಳು ಹಾಗೇ ಇದ್ದವು. ‘ಇನ್ನೆಷ್ಟಿವೆ ಸರ್?’ ಎಂದೆ. ‘ಹದಿನಾರು’ ಎಂದರು. ನಾನು ಬರೆದುಕೊಳ್ಳುತ್ತಿದ್ದದ್ದು ಅವರ ಉಸಿರನ್ನು. ಒಂದೊಂದು ಸಾಲಿಗೂ ಅಲ್ಲಿ ಮುಳ್ಳು ಒಂದೊಂದು ಕೂದಲಿನಷ್ಟು ಇಳಿಯುತ್ತಿತ್ತು. ಆ ದಾರಿಯಲ್ಲೇ ಹೋದರೆ ಊರಿಗೆಲ್ಲ ವಿಳಾಸ ಸಿಕ್ಕಿಬಿಡಬಹುದಿತ್ತು, ನನ್ನ ಮರ್ಯಾದೆಯೂ ಉಳಿಯಬಹುದಿತ್ತು. ಒಂದು ಗಳಿಗೆ, ಸುಳ್ಳು ಹೇಳುವುದಿಲ್ಲ, ಹಾಗೆ ಅನ್ನಿಸಿತು. ನಾಲ್ಕನೆಯದಕ್ಕೆ ಅವರು ಬಾಯಿ ತೆರೆದಾಗ ಪೆನ್ನು ಕೆಳಗಿಟ್ಟೆ.

‘ಸಾಕು ಸರ್. ಇನ್ನು ಮಾತಾಡ್ಬೇಡಿ. ಅಮ್ಮನಿಗೆ ಕೊಡಿ.’

ನೀಲಾಂಬಿಕಮ್ಮ ಬಂದರು. ‘ಅಮ್ಮಾ, ನಿಮ್ಮ ಮನೆ ಗುರುತಿನ ಬಟ್ಟೆ ಇದೆಯಾ?’

‘ಹಳದಿ, ಎರಡು ಕೆಂಪು ಪಟ್ಟೀದು. ಗ್ರೈಂಡರ್ ಮೇಲೆ ಹೊದಿಸಿದೀನಿ ಕಣೆ. ಯಾಕೆ?’

‘ತೆಗೆದು ಬಟ್ಟೆ ಒಣಗಿಸೋ ಗಳಕ್ಕೆ ಕಟ್ಟಿ. ಸೈರನ್ ಮೂರು ಸಲ ಕೂಗತ್ತೆ. ಫೋನ್ ಇಡದೆ ಸರ್ ಪಕ್ಕದಲ್ಲೇ ಬಿಟ್ಟು, ಕೂಗಿದ ತಕ್ಷಣ ಮಾಳಿಗೆಯಲ್ಲಿ ಎತ್ತಿ ಹಿಡೀರಿ.’

ಬಾಗಿಲಲ್ಲಿ ನಿಂತಿದ್ದ ಜಯತೀರ್ಥ ಸರ್ ಅಡ್ಡ ಬಂದರು. ‘ಮೂರು ಸಲ ಕೂಗಿದ್ರೆ ಏನರ್ಥ ಗೊತ್ತಾ? ಕಂಪನಿ ಕೈಲಿ ಆಗ್ಲಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡ್ದ ಹಾಗೆ. ಹದಿನೈದು ವರ್ಷದಲ್ಲಿ ಒಂದು ಸಲಾನೂ ಹಾಗೆ ಕೂಗಿಲ್ಲ. ಆರೂವರೆಗೆ ತಜ್ಞರು ಬರ್ತಾರೆ ಅಂದ್ನಲ್ಲ!’

‘ಮೇಷ್ಟ್ರಿಗೆ ಆರೂವರೆ ತನಕ ಇಲ್ಲ ಸರ್.’

‘ಮೇಷ್ಟ್ರ ಬಗ್ಗೆ ನಂಗೂ ಇದೆ ಕಾಳಜಿ. ಆದ್ರೆ ವಿಷಯ ಹೊರಗೆ ಬಂದ್ರೆ ವಿಚಾರಣೆ ಆಗತ್ತೆ. ಮೊದ್ಲು ತೆಗೆಯೋದೇ ಗುರುವಾರದ ಪುಸ್ತಕ. ಅದ್ರಲ್ಲಿ ಇರೋದು ಯಾರ ಸಹಿ? ನನ್ನದಲ್ಲ.’

ಅವರು ಹೆದರಿಸಲು ಹೇಳಿದರೋ, ಉಳಿಸಲು ಹೇಳಿದರೋ ಇವತ್ತಿಗೂ ತಿಳಿಯದು. ಮನೆಯಲ್ಲಿ ನನ್ನ ಸಂಬಳವೊಂದೇ. ತಪ್ಪು ನನ್ನದೇ ಇರುವಾಗ ಊರನ್ನೆಲ್ಲ ಕೂಗಿ ಕರೆಯಲು ನನಗೇನು ಹಕ್ಕು ಎಂದೂ ಅನ್ನಿಸಿತು. ಅಷ್ಟರಲ್ಲಿ ಮೇಜಿನ ಮೇಲಿಟ್ಟ ರಿಸೀವರಿನಿಂದ ಆ ಉಸಿರು ಕೇಳಿಸಿತು. ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು.

ಸೈರನ್ ಇರುವುದು ಮಾಳಿಗೆಯಲ್ಲಿ. ಫೋನು ಇರುವುದು ಇಲ್ಲಿ. ನಾನು ಒಬ್ಬಳು. ರಿಸೀವರ್ ಎತ್ತಿ ಜಯತೀರ್ಥ ಸರ್ ಕೈಗೆ ಕೊಟ್ಟೆ.

‘ನೀವು ಇದನ್ನ ಹಿಡ್ಕೊಂಡಿರಿ ಸರ್. ಮಾತಾಡೋದು ಬೇಡ, ಮಾತಾಡಿಸೋದೂ ಬೇಡ. ಬರೀ ಕೇಳಿಸ್ಕೊಳ್ಳಿ. ಉಸಿರು ನಿಂತ್ರೆ ನನ್ನ ಕೂಗಿ.’

ಬೇಡ ಎನ್ನಲು ಅವರು ಬಾಯಿ ತೆರೆದರು. ಆಗಲೇ ರಿಸೀವರಿನ ಸದ್ದು ಕಿವಿಗೆ ಬಿದ್ದಿತ್ತು. ಏನು ಕೇಳಿಸಿತೋ, ಮೆಲ್ಲಗೆ ನನ್ನ ಕುರ್ಚಿಯಲ್ಲಿ ಕೂತುಕೊಂಡರು. ನಾನು ಮೆಟ್ಟಿಲು ಹತ್ತಿದೆ.

ಮೂರು ಕೂಗು ಮುಗಿಯುವ ಹೊತ್ತಿಗೆ ತೋಳು ಬಿದ್ದುಹೋಗುವಂತಾಗಿತ್ತು. ಊರು ಸುಮ್ಮನಿತ್ತು. ಮಾಳಿಗೆಗಳೆಲ್ಲ ಬರಿದು. ಮರೆತಿದ್ದಾರೆ ಎಂದುಕೊಂಡೆ. ಹದಿನೈದು ವರ್ಷ ಅಂದರೆ ಸಣ್ಣದೇ? ಆಮೇಲೆ ಹುಟ್ಟಿದವರಿಗೆ ಇದು ಗೊತ್ತೇ ಇಲ್ಲ. ಹಿಡಿಕೆ ಹಿಡಿದು ಮತ್ತೊಮ್ಮೆ ತಿರುಗಿಸಿದೆ. ಆಗ ಆಸ್ಪತ್ರೆಯ ಆಚೆ ಒಂದು ಮಾಳಿಗೆಯಲ್ಲಿ ಅಜ್ಜಿಯೊಬ್ಬರು ಕಾಣಿಸಿಕೊಂಡರು. ನೀಲಿ ಬಟ್ಟೆ, ನಡುವೆ ಬಿಳಿ ಚೌಕ. ಅದನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ಬಿಡಿಸಿ ಹಿಡಿದರು. ಅವರ ಪಕ್ಕದ ಮಾಳಿಗೆಯಲ್ಲಿ ಇನ್ನೊಂದು. ಟ್ರಂಕಿನ ಮಡಿಕೆಗಳು ಹಾಗೇ ಉಳಿದ ಬಟ್ಟೆಗಳು, ಇಲಿ ಕಡಿದವು, ಮಗುವಿಗೆ ಲಂಗ ಹೊಲಿದು ಮಿಕ್ಕ ತುಂಡುಗಳು. ಬಟ್ಟೆ ಇಲ್ಲದವರು ತಟ್ಟೆ ಬಡಿದು ಹೆಸರು ಕೂಗಿದರು. ಊರು ಒಮ್ಮೆಗೇ ಬಾಯಿ ಬಿಟ್ಟ ಹಾಗಾಯಿತು.

ಕೆಳಗೆ ಬಗ್ಗಿ ಕೂಗಿದೆ. ‘ದಸ್ತಗೀರಣ್ಣಾ! ಹಳದಿ, ಎರಡು ಕೆಂಪು ಪಟ್ಟಿ! ತಗ್ಗಿನಲ್ಲಿದೆ, ಕೇಳ್ಕೊಂಡು ಹೋಗು!’

‘ಯಾರನ್ನ ಕೇಳ್ಲಿ ಅಕ್ಕಾ?’

‘ಎಲ್ರನ್ನೂ ಕೇಳು!’

ಟೆಂಪೋ ಹೊರಟಿತು. ಹಳದಿ ಬಟ್ಟೆ ನನಗೆ ಎಲ್ಲೂ ಕಾಣಲಿಲ್ಲ. ಕಂಡದ್ದು ಕೈಗಳು. ದಸ್ತಗೀರ್ ಕೂಗುತ್ತ ಹೋದಂತೆ ಮೊದಲ ಮಾಳಿಗೆಯವರು ಮುಂದಿನವರನ್ನು ಕೇಳಿದರು, ಅವರು ಅದರ ಮುಂದಿನವರನ್ನು. ಪ್ರಶ್ನೆ ಮಾಳಿಗೆಯಿಂದ ಮಾಳಿಗೆಗೆ ದೂರ ಹೋಯಿತು, ತುಂಬ ದೂರ, ಇನ್ನೇನು ಊರಿನ ಅಂಚು ದಾಟಿಹೋಯಿತು ಅನ್ನುವಷ್ಟು. ಎಲ್ಲೂ ಉತ್ತರವಿಲ್ಲ. ಟೆಂಪೋ ಒಂದು ಕಡೆ ನಿಂತುಬಿಟ್ಟಿತು. ನಾನು ಕೆಳಗಿನ ಮಹಡಿಗೆ ಕಿವಿಗೊಟ್ಟೆ. ಸರ್ ಕೂಗಲಿಲ್ಲ. ಕೂಗದಿರುವುದೇ ಒಳ್ಳೆಯದು ಎಂದು ಎಣಿಸಿಕೊಂಡೆ.

ಆಮೇಲೆ ಪಡುವಣ ಅಂಚಿನಲ್ಲಿ, ಹಸಿರು ಬಳಿದ ಎತ್ತರದ ಮನೆಯ ಮಾಳಿಗೆಯಲ್ಲಿ, ಒಬ್ಬ ಹೆಂಗಸು ತನ್ನ ಕಾಲ ಬುಡದ ಕಡೆಗೆ ಕೈ ತೋರಿಸುತ್ತ ಕುಣಿದಾಡುವುದು ಕಂಡಿತು. ಹಸಿರು ಗೋಡೆ! ಅವಳ ಪಕ್ಕದವನು ಅವಳತ್ತ ಕೈ ಚಾಚಿದ. ಅವನತ್ತ ಇನ್ನೊಬ್ಬರು. ಕೈಗಳು ಒಂದೊಂದಾಗಿ ಪಡುವಣಕ್ಕೆ ತಿರುಗುತ್ತ ತಿರುಗುತ್ತ ಟೆಂಪೋದ ತಲೆಯ ಮೇಲಿನ ಮಾಳಿಗೆಯ ತನಕ ಬಂದವು. ಟೆಂಪೋ ಹೊರಳಿತು.

ಅದು ತಗ್ಗಿಗೆ ಇಳಿದು ಕಾಣದಾಯಿತು. ನಾನು ಮೆಟ್ಟಿಲ ತುದಿಗೆ ಬಂದು ನಿಂತೆ. ಕೆಳಗೆ ಇಳಿಯಲು ಧೈರ್ಯ ಬರಲಿಲ್ಲ. ಎಷ್ಟು ಹೊತ್ತೋ. ಕೊನೆಗೆ ಸರ್ ದನಿ ಬಂತು, ಅವರದೇ ಅಲ್ಲವೇನೋ ಎಂಬಂಥ ದನಿ.

‘ಸುಗುಣಾ... ಬಾಗಿಲು ಬಡೀತಿದಾರೆ. ಯಾರೋ ಒಳಗೆ ಬಂದ್ರು. ಕಬ್ಬಿಣ ಎಳೆದ ಸದ್ದು.’ ಕುರ್ಚಿ ಸರಿದದ್ದು ಕೇಳಿಸಿತು. ‘ಉಸಿರು ನಿಲ್ತಾ ನಿಲ್ತಾ ಬರ್ತಿತ್ತು. ಈಗ ನಿಲ್ತಿಲ್ಲ.’

ನಾನು ಸೈರನ್ನಿನ ಕಟ್ಟೆಯ ಮೇಲೆ ಕೂತು ಅತ್ತೆ. ಊರಿನವರು ಕತ್ತಲಾಗುವ ತನಕ ಬಟ್ಟೆ ಇಳಿಸಲಿಲ್ಲ.

ವಿಚಾರಣೆ ಆದದ್ದು ಅದರ ಮುಂದಿನ ಗುರುವಾರ, ನಮ್ಮ ಮಹಡಿಯ ರೂಮಿನಲ್ಲೇ. ತಜ್ಞರು ಬಂದು ಯಂತ್ರ ನೋಡಿ ಹೋಗಿದ್ದರು. ಹೊತ್ತು ಮೀರಿತ್ತು, ಮೇಷ್ಟ್ರು ಹೇಳಿದ ದಾರಿಯಲ್ಲೂ ಹಳೆಯ ಪಟ್ಟಿ ಸಿಗಲಿಲ್ಲ. ಮನೆಮನೆಯವರು ಬಂದು ಹೊಸದಾಗಿ ಹೆಸರು ಬರೆಸುತ್ತಿದ್ದರು. ಬಂದವರಲ್ಲಿ ಕೆಲವರು ನನ್ನ ಮುಖ ನೋಡಲಿಲ್ಲ. ಒಬ್ಬರು ಹಲಸಿನ ಹಪ್ಪಳ ಕೊಟ್ಟು ಹೋದರು. ಮೇಷ್ಟ್ರು ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: ‘ಇದ್ದದ್ದನ್ನ ಇದ್ದ ಹಾಗೆ ಹೇಳು.’

ಜಯತೀರ್ಥ ಸರ್ ಎದುರಿಗೆ ಕೂತು ಕೇಳಿದರು, ನಾನು ಹೇಳಿದೆ. ನಲವತ್ತೇಳು ಸಹಿ, ಏಳು ಪತ್ರ, ಕೈಗಳ ಬಗ್ಗೆ ಆಡಿದ ಮಾತು, ಎಲ್ಲ. ಆ ಮಾತು ಬಂದಾಗ ಅವರ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಬರೆದುಕೊಂಡರು. ಒಂದು ಅಕ್ಷರ ಬಿಡಲಿಲ್ಲ. ಎರಡು ಪುಟವಾಯಿತು. ಓದಿ ಹೇಳಿದರು. ಸರಿಯಿತ್ತು. ಕೆಳಗೆ ಎರಡು ಗೆರೆ. ಹೇಳಿಕೆ ಕೊಟ್ಟವರು, ಸಾಕ್ಷಿ.

ಮೊದಲನೆಯ ಗೆರೆಯ ಮೇಲೆ ಬಲಗೈಯಲ್ಲಿ ಸಹಿ ಹಾಕಿದೆ. ಕಾಗದ ಅವರ ಕಡೆ ತಳ್ಳಿದೆ. ಅವರು ಗಡಿಯಾರ ನೋಡಿದರು. ತುಂಬ ದಣಿದಿದ್ದರು, ಆ ವಾರ ಅವರೂ ಮಲಗಿದ ಹಾಗೆ ಕಾಣಲಿಲ್ಲ. ಕಾಗದವನ್ನು ಹಾಗೇ ನನ್ನ ಕಡೆ ತಿರುಗಿಸಿದರು.

‘ಅದೊಂದು ಇದ್ಯಲ್ಲ, ಅದನ್ನೂ ನೀವೇ ಹಾಕ್ಬಿಡಿ’ ಎಂದರು.

ಎಂದ ಮೇಲೆ ಅವರಿಗೇ ಕೇಳಿಸಿರಬೇಕು. ನಾನು ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಅದು ಪೆನ್ನು ಹಿಡಿಯುವ ಹಾಗೆ ತಾನೇ ಮಡಚಿಕೊಂಡಿತ್ತು, ಬಲಗೈಯಿಂದ ಬೆರಳು ಬಿಡಿಸಿದೆ.

ಜಯತೀರ್ಥ ಸರ್ ಎದ್ದು ಬಾಗಿಲಿಗೆ ಹೋಗಿ, ‘ಯಾರ್ರೀ ಇದೀರಾ ಅಲ್ಲಿ?’ ಎಂದು ಕೂಗಿದರು. ಆ ಮಹಡಿಯಲ್ಲಿ ಯಾರೂ ಇರಲಿಲ್ಲ. ಕೆಳಗಿನ ಮಹಡಿಗೆ ಇಳಿದರು. ಅಲ್ಲೂ ಕೂಗಿದರು. ಇನ್ನೂ ಕೆಳಗೆ ಇಳಿದರು. ನಾನು ಕೂತೇ ಇದ್ದೆ, ಯಂತ್ರದ ಕಡೆ ಒಂದು ಕಣ್ಣು ಇಟ್ಟುಕೊಂಡು. ಮೆಟ್ಟಿಲಿನಿಂದ ಅವರ ದನಿ ಕೇಳುತ್ತಲೇ ಇತ್ತು, ಸಣ್ಣದಾಗುತ್ತ, ಯಾರಾದರೂ ಒಬ್ಬರು ಬನ್ನಿ, ಒಬ್ಬರಾದರೂ ಬನ್ನಿ ಎಂದು.